ಮರದ ಕ್ಯಾಮೆರಾದ ಮೂಲ ಹುಡುಕುವುದು

ಹಳೆಯ ಮರದ ವ್ಯೂ ಕ್ಯಾಮೆರಾ ಯಾವ ಕಾಲದ್ದು, ಯಾವ ದೇಶದ್ದು ಎಂಬುದು ತಿಳಿಯುವುದು ಅದರ ತಳಹಲಗೆ ಮತ್ತು ಹಿಂಭಾಗದಿಂದ. ಲೆನ್ಸಿನ ಮೇಲೆ ಕೆತ್ತಿದ ಹೆಸರು ಇದಕ್ಕೆ ಆಧಾರವಾಗದು. ಲೆನ್ಸನ್ನು ಹಲಗೆಸಮೇತ ಕಳಚಿ ಬೇರೊಂದನ್ನು ಕೂರಿಸುವುದು ನಿಮಿಷದ ಕೆಲಸ. ಹಿತ್ತಾಳೆಯ ಮೇಲೆ ‘ರಾಸ್’ ಎಂದೋ ‘ಡಾಲ್‌ಮೇಯರ್’ ಎಂದೋ ಇದ್ದ ಮಾತ್ರಕ್ಕೆ ಪೆಟ್ಟಿಗೆಯೂ ಅವರದೇ ಆಗಬೇಕಿಲ್ಲ. ಲೆನ್ಸಿಗೂ ಹಿಂಭಾಗಕ್ಕೂ ನಡುವಿನ ಮಡಿಕೆ ಮಡಿಕೆಯಾದ ತಿದಿಯ ಬಣ್ಣವನ್ನೂ ನಂಬುವಂತಿಲ್ಲ. ಹರಿದ ಚರ್ಮ ತೆಗೆಸಿ ಹೊಸದು ಹಾಕಿಸುವುದು ವಾಡಿಕೆ.

ಮೊದಲು ಗಮನಿಸಬೇಕಾದ್ದು, ಫೋಕಸ್ ಮಾಡುವಾಗ ಯಾವ ಭಾಗ ಸರಿಯುತ್ತದೆ ಎಂಬುದನ್ನು. ಲೆನ್ಸಿನ ಚೌಕಟ್ಟು ನಿಂತಲ್ಲೇ ನಿಂತು, ಗ್ರೌಂಡ್ ಗ್ಲಾಸ್ ಇರುವ ಹಿಂಭಾಗ ಮಾತ್ರ ಸರಿದರೆ ಅದು ‘ಟೇಲ್‌ಬೋರ್ಡ್’ ಮಾದರಿ. ಇದರ ತಿದಿ ಸಾಮಾನ್ಯವಾಗಿ ಮುಂದೆ ಹಿಂದೆ ಒಂದೇ ಅಗಲ. ಹಿಂಭಾಗ ನಿಂತು ಮುಂಭಾಗ ಸರಿಯುವಂತಿದ್ದು, ತಿದಿ ಮುಂದಕ್ಕೆ ಕಿರಿದಾಗುತ್ತ ಹೋದರೆ ಅದು ಹೊರಗೆ ಒಯ್ಯುವ ‘ಫೀಲ್ಡ್’ ಕ್ಯಾಮೆರಾ. ಅಂಥ ಕಿರಿದಾಗುವ ತಿದಿಯನ್ನು 1857ರಲ್ಲಿ ಬಳಕೆಗೆ ತಂದವನು ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಕಿನ್ನಿಯರ್. ಲಂಡನ್ನಿನ ಜಾರ್ಜ್ ಹೇರ್ 1882ರಲ್ಲಿ ಪೇಟೆಂಟ್ ಪಡೆದ ಮಡಿಚುವ ಮಾದರಿಯನ್ನು ಮುಂದೆ ಬ್ರಿಟನ್ನಿನ ಹಲವು ತಯಾರಕರು ಅನುಸರಿಸಿದರು. ಲೆನ್ಸಿನ ಹಲಗೆಯ ಎರಡೂ ಬದಿಗೆ ಉದ್ದ ಸೀಳುಳ್ಳ ಹಿತ್ತಾಳೆಯ ತೋಳುಗಳಿದ್ದರೆ ಅದು ಸ್ಯಾಂಡರ್ಸನ್, ಅಂದರೆ 1895ರ ಪೇಟೆಂಟಿನ ನಂತರದ್ದು. ಕೇಂಬ್ರಿಜ್‌ನ ಬಡಗಿ ಫ್ರೆಡರಿಕ್ ಸ್ಯಾಂಡರ್ಸನ್‌ಗೆ ಎತ್ತರದ ಕಟ್ಟಡಗಳ ಚಿತ್ರ ತೆಗೆಯುವ ಹಂಬಲವಿತ್ತು. ಲೆನ್ಸನ್ನು ಬೇಕಾದಷ್ಟು ಎತ್ತಿ ವಾಲಿಸುವ ಈ ಜೋಡಣೆಯಷ್ಟು ಸರಳವೂ ಚೆಲುವೂ ಆದದ್ದು ಆ ಕಾಲದಲ್ಲಿ ವಿರಳ.

ದೇಶ ಗುರುತಿಸಲು ಅಳತೆಪಟ್ಟಿಗಿಂತ ಒಳ್ಳೆಯ ಸಲಕರಣೆ ಇಲ್ಲ. ಅಳೆಯಬೇಕಾದ್ದು ಚಿತ್ರ ಮೂಡುವ ಗಾಜಿನ ಪ್ಲೇಟ್ ಕೂರುವ ಜಾಗವನ್ನು, ಹೊರಚೌಕಟ್ಟನ್ನಲ್ಲ. ಬ್ರಿಟಿಷ್ ‘ಹಾಫ್ ಪ್ಲೇಟ್’ 4¾×6½ ಅಂಗುಲ, ‘ಹೋಲ್ ಪ್ಲೇಟ್’ 6½×8½. 5×7 ಅಥವಾ 8×10 ಬಂದರೆ ಅಮೆರಿಕದ ಕಡೆ, 13×18 ಸೆಂಟಿಮೀಟರ್ ಬಂದರೆ ಜರ್ಮನಿ, ಫ್ರಾನ್ಸ್‌ಗಳ ಕಡೆ ನೋಡಬೇಕು. ಪ್ಲೇಟ್ ಹೋಲ್ಡರ್ ಜೊತೆಗಿದ್ದರೆ ಅನುಮಾನ ಇನ್ನಷ್ಟು ಕಡಿಮೆಯಾಗುತ್ತದೆ. ಬ್ರಿಟಿಷ್ ಹೋಲ್ಡರ್ ಹಿತ್ತಾಳೆಯ ಕೀಲುಗಳ ಮೇಲೆ ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಒಳಗೆ ಎರಡು ಪ್ಲೇಟು, ನಡುವೆ ಕಪ್ಪು ತಗಡು. ಮೇಲಿನ ಮುಚ್ಚಳವನ್ನು ಎಳೆದರೆ ಅದು ಪೂರ್ತಿ ಹೊರಬರದೆ ಕೀಲಿನಲ್ಲಿ ಹಿಂದಕ್ಕೆ ಬಾಗುತ್ತದೆ. ಅಮೆರಿಕದ ಹೋಲ್ಡರಿನ ಮುಚ್ಚಳ ಸಾಮಾನ್ಯವಾಗಿ ಪೂರ್ತಿ ಕೈಗೆ ಬರುತ್ತದೆ.

ಹೋಲ್ಡರಿನ ಕೆಳಮೂಲೆಗಳಲ್ಲಿ, ಹಿಂಭಾಗದ ಮರದಲ್ಲಿ ಕಪ್ಪು ಕಲೆ ಇಳಿದಿದ್ದರೆ ಅದು ಸಿಲ್ವರ್ ನೈಟ್ರೇಟಿನ ಗುರುತು. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಒದ್ದೆ ಕಲೋಡಿಯನ್ ವಿಧಾನದಲ್ಲಿ ಪ್ಲೇಟನ್ನು ತೊಟ್ಟಿಕ್ಕುತ್ತಿರುವಾಗಲೇ ಕ್ಯಾಮೆರಾಕ್ಕೆ ಹಾಕುತ್ತಿದ್ದರು. 1880ರ ಸುಮಾರಿಗೆ ಒಣ ಪ್ಲೇಟುಗಳು ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಈ ಕಲೆ ಅಪರೂಪವಾಯಿತು.

ಹೆಸರಿನ ಬಿಲ್ಲೆಯನ್ನು ಕೊನೆಗೆ ಓದುವುದು ಲೇಸು. ಬ್ರಿಟನ್ನಿನಲ್ಲಿ ಬೇರೆಯವರು ಮಾಡಿಕೊಟ್ಟ ಕ್ಯಾಮೆರಾಕ್ಕೆ ಅಂಗಡಿಯವರು ತಮ್ಮ ಬಿಲ್ಲೆ ಹೊಡೆಯುವ ರೂಢಿಯಿತ್ತು. ಅಮೆರಿಕದ ಬಿಲ್ಲೆಗಳು ಹೆಚ್ಚು ನೆರವಾಗುತ್ತವೆ: ರಾಚೆಸ್ಟರ್ ಆಪ್ಟಿಕಲ್ ಕಂಪನಿಯನ್ನು ಈಸ್ಟ್‌ಮನ್ ಕೊಡಕ್ 1903ರಲ್ಲಿ ಕೊಂಡಿತು, ಎರಡೂ ಹೆಸರು ಕೂಡಿ ಬಂದರೆ ಆ ಕ್ಯಾಮೆರಾ ಅದಕ್ಕಿಂತ ಹಿಂದಿನದಲ್ಲ.

ಮೂಲೆಗಳಿಗೆಲ್ಲ ಹಿತ್ತಾಳೆಯ ಪಟ್ಟಿ ಬಿಗಿದ ತೇಗದ ಕ್ಯಾಮೆರಾಗಳು ಭಾರತದಂಥ ಸೆಕೆಯ ನಾಡುಗಳಿಗೆಂದು ಮಾಡಿದ ‘ಟ್ರಾಪಿಕಲ್’ ಮಾದರಿಗಳು. ತೇವದಲ್ಲಿ ಅಂಟು ಬಿಟ್ಟರೂ ತಿರುಪು ಹಿಡಿದಿರಲಿ ಎಂಬ ಎಚ್ಚರಿಕೆ ಅದರಲ್ಲಿದೆ. ‘ವಾಗೀಶ್ವರಿ’ ಎಂಬ ಹೆಸರು ಕಂಡರೆ ಅದು 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಆರಂಭಿಸಿದ ಕಾರ್ಖಾನೆಯದು. ಸ್ವದೇಶಿ ಕ್ಯಾಮೆರಾಗಳಲ್ಲಿ ಅದಕ್ಕೆ ಎತ್ತರದ ಸ್ಥಾನ ಸಲ್ಲಬೇಕು.

ಹಳೆಯ ಸ್ಟುಡಿಯೊದ ಕ್ಯಾಮೆರಾ ಮನೆಯಲ್ಲಿ ಉಳಿದಿದ್ದರೆ ಅದನ್ನು ಪಾಲಿಶ್‌ಗೆ ಕೊಡುವ ಆತುರ ಬೇಡ. ಉಜ್ಜುಕಾಗದ ಬಿದ್ದ ದಿನ ಬೆಳ್ಳಿಯ ಕಲೆಯೂ ಮರದಲ್ಲಿ ಒತ್ತಿದ ಅಂಕಿಯೂ ಒಟ್ಟಿಗೆ ಅಳಿಸಿಹೋಗುತ್ತವೆ.