ಗುಂಪು, ಜ್ಯಾಮಿತಿ, ಸಂಕೇತ: ಎನ್.ಎಸ್. ನರಸಿಂಹ ಶಾಸ್ತ್ರಿಯವರ ಸಂಶೋಧನೆಯ ವಿವೇಚನೆ

ಪರಿಮಿತ ಸರಳ ಗುಂಪುಗಳ ವರ್ಗೀಕರಣವು ಇಪ್ಪತ್ತನೆಯ ಶತಮಾನದ ಬೀಜಗಣಿತದ ಬಹುದೊಡ್ಡ ಸಾಮೂಹಿಕ ಸಾಧನೆ. 1980ರ ದಶಕದ ಆರಂಭದಲ್ಲಿ ಅದು ಮುಗಿಯಿತೆಂದು ಘೋಷಿಸಲಾಯಿತು. ಉಳಿದಿದ್ದ ಮುಖ್ಯ ಕೊರತೆಯನ್ನು ಆಶ್‌ಬಾಕರ್ ಮತ್ತು ಸ್ಮಿತ್ 2004ರಲ್ಲಿ ತುಂಬಿದರು. ಪಟ್ಟಿ ಸಿದ್ಧವಾದ ಮೇಲೆ ಈ ಕ್ಷೇತ್ರದಲ್ಲಿ ಮಾಡುವುದೇನು ಉಳಿಯಿತು ಎಂಬ ಪ್ರಶ್ನೆ ಸಹಜವಾದುದು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕೇಂದ್ರದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ ಎನ್.ಎಸ್. ನರಸಿಂಹ ಶಾಸ್ತ್ರಿಯವರ ಬರಹಗಳಲ್ಲಿ ಇದಕ್ಕೊಂದು ಖಚಿತವಾದ ಉತ್ತರವಿದೆ: ಗುಂಪಿನ ಸ್ವಭಾವವನ್ನು ಅದು ಕಾರ್ಯಪ್ರವೃತ್ತವಾಗುವ ಜ್ಯಾಮಿತಿಯಲ್ಲಿ ಕಾಣಬೇಕು.

ಅವರು ಮತ್ತೆ ಮತ್ತೆ ಮರಳಿದ ರಚನೆ ಸಿಂಪ್ಲೆಕ್ಟಿಕ್ ಚತುರ್ಭುಜ. ‘ಕ’ ಎಂಬುದು 2ರ ಒಂದು ಘಾತವಾಗಿರಲಿ. ಈ ಜ್ಯಾಮಿತಿಯ ಪ್ರತಿ ರೇಖೆಯಲ್ಲಿ ಕ+1 ಬಿಂದುಗಳು, ಪ್ರತಿ ಬಿಂದುವಿನ ಮೂಲಕ ಅಷ್ಟೇ ರೇಖೆಗಳು, ತ್ರಿಭುಜಗಳೇ ಇಲ್ಲ. ಪ್ರತಿ ರೇಖೆಯನ್ನೂ ಒಂದೊಂದೇ ಬಿಂದುವಿನಲ್ಲಿ ಸಂಧಿಸುವ ಬಿಂದುಗಣಕ್ಕೆ ‘ಓವಾಯ್ಡ್’ ಎಂದು ಹೆಸರು. ಇಂಥ ಯಾವುದೇ ಎರಡು ಓವಾಯ್ಡ್‌ಗಳು ಬೆಸಸಂಖ್ಯೆಯ ಬಿಂದುಗಳಲ್ಲಿಯೇ ಕೂಡುತ್ತವೆ ಎಂಬುದನ್ನು ಭಾಸ್ಕರ್ ಬಾಗ್ಚಿ ಮತ್ತು ಶಾಸ್ತ್ರಿ 1987ರ ಲೇಖನದಲ್ಲಿ ಸಾಧಿಸಿದರು. ಜ್ಯಾಮಿತಿಯ ಈ ಸಂಗತಿಗೆ ಆಧಾರ ದೊರೆತದ್ದು ರೇಖೆಗಳಿಂದ ಹುಟ್ಟುವ ದ್ವಿಮಾನ ಸಂಕೇತದಲ್ಲಿ ಎಂಬುದು ಗಮನಾರ್ಹ.

1989ರ ಲೇಖನ ಇನ್ನೂ ಸೂಕ್ಷ್ಮವಾದುದು. ‘ಕ’ 2ರ ಬೆಸಘಾತವಾಗಿ 8ಕ್ಕೆ ಕಡಿಮೆಯಿಲ್ಲದಿದ್ದಾಗ, ದೀರ್ಘವೃತ್ತೀಯ ಓವಾಯ್ಡ್ ಮತ್ತು ಸುಜುಕಿ ಗುಂಪಿಗೆ ಸಂಬಂಧಿಸಿದ ಟಿಟ್ಸ್ ಓವಾಯ್ಡ್‌ಗಳಿಗೆ ಸಾಮಾನ್ಯವಾಗಿರುವ ಬಿಂದುಗಳ ಸಂಖ್ಯೆಗೆ ಎರಡೇ ಬೆಲೆಗಳು ಸಾಧ್ಯ. ‘ಕ’ 8 ಆದಾಗ ಅವು 5 ಮತ್ತು 13. ಓವಾಯ್ಡ್‌ನ ಒಟ್ಟು ಬಿಂದುಗಳು 65, ಅಂದರೆ ಇವೆರಡರ ಗುಣಲಬ್ಧ. 29,120 ಅಂಶಗಳ ಸುಜುಕಿ ಗುಂಪಿನಲ್ಲಿ ಇದೇ 5 ಮತ್ತು 13 ಅಂಶಗಳ ಚಕ್ರೀಯ ಉಪಗುಂಪುಗಳಿವೆ. ಗುಂಪಿನ ಒಳರಚನೆ ಬಿಂದುಗಳ ಎಣಿಕೆಯಾಗಿ ಹೊರಗೆ ಕಾಣಿಸಿಕೊಳ್ಳುವುದು ಇಲ್ಲಿನ ವಿಶೇಷ.

ಈ ಚಿಂತನೆಯ ಪರಿಪಾಕ ಫ್ಲಾರಿಡಾ ವಿಶ್ವವಿದ್ಯಾಲಯದ ಪೀಟರ್ ಸಿನ್ ಅವರೊಂದಿಗೆ 1998ರಲ್ಲಿ ಪ್ರಕಟಿಸಿದ ಲೇಖನ. ಮೇಲಿನ ಸಂಕೇತದ ಆಯಾಮವೆಷ್ಟು ಎಂಬುದು ಪ್ರಶ್ನೆ. ಉತ್ತರ ಹೀಗಿದೆ: ಮೊತ್ತ 9, ಗುಣಲಬ್ಧ 16 ಆಗಿರುವ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳಬೇಕು, ‘ಕ’ 2ರ ಎಷ್ಟನೆಯ ಘಾತವೋ ಅಷ್ಟನೆಯ ಘಾತಕ್ಕೆ ಅವನ್ನು ಏರಿಸಿ ಕೂಡಿ, 1 ಸೇರಿಸಬೇಕು. 15 ಬಿಂದುಗಳ ಜ್ಯಾಮಿತಿಗೆ 10, 85 ಬಿಂದುಗಳದ್ದಕ್ಕೆ 50, 585 ಬಿಂದುಗಳದ್ದಕ್ಕೆ 298 ದೊರೆಯುತ್ತವೆ. ಆ ಎರಡು ಸಂಖ್ಯೆಗಳಲ್ಲಿ 17ರ ವರ್ಗಮೂಲವಿದ್ದರೂ ಫಲ ಯಾವಾಗಲೂ ಪೂರ್ಣಾಂಕ.

ಈ ಸಾಧನೆಗೆ ಮಿತಿಗಳೂ ಉಂಟು. ಸೂತ್ರವು ಸಂಕೇತದ ಗಾತ್ರವನ್ನು ಹೇಳುತ್ತದೆಯೇ ಹೊರತು ಅದರೊಳಗಿನ ಪದಗಳ ಚಿತ್ರವನ್ನು ಕೊಡುವುದಿಲ್ಲ. ಸಿಂಪ್ಲೆಕ್ಟಿಕ್ ಗುಂಪಿನ ಪ್ರಾತಿನಿಧ್ಯಗಳ ಲೆಕ್ಕಾಚಾರದಿಂದ 17 ಬಂದುದು ಸ್ಪಷ್ಟ. ಜ್ಯಾಮಿತಿಯಲ್ಲಿ ಅದರ ಅರ್ಥವೇನೆಂಬುದು ಸೂತ್ರದಿಂದ ತಿಳಿಯದು. ಆದರೆ ಚಾಂಡ್ಲರ್, ಸಿನ್ ಮತ್ತು ಷಿಯಾಂಗ್ ಮುಂದೆ ಬೆಸ ಅವಿಭಾಜ್ಯಗಳ ಪ್ರಕರಣವನ್ನು ಬಿಡಿಸಿದಾಗಲೂ ಅದೇ 17ರ ವರ್ಗಮೂಲ ಕಾಣಿಸಿಕೊಂಡಿತು. ಆದ್ದರಿಂದ ಅದನ್ನು ಆಕಸ್ಮಿಕವೆನ್ನಲಾಗದು.

ಈ ಮುಖ್ಯ ಫಲಿತಾಂಶಗಳೆಲ್ಲ ಸಹಲೇಖನಗಳು. ಇವುಗಳಲ್ಲಿ ಒಬ್ಬರ ಪಾಲನ್ನು ಬೇರ್ಪಡಿಸಿ ಅಳೆಯುವುದು ಉಚಿತವಲ್ಲ. ಸಹಲೇಖಕರು ಬದಲಾದರೂ ಪ್ರಶ್ನೆ ಬದಲಾಗಲಿಲ್ಲ ಎಂಬುದರಲ್ಲಿ ಶಾಸ್ತ್ರಿಯವರ ವೈಶಿಷ್ಟ್ಯವನ್ನು ಗುರುತಿಸಬಹುದು. 2012 ಮತ್ತು 2014ರಲ್ಲಿ ಅವರು ಸಂಪಾದಿಸಿದ ಎರಡು ಸಂಪುಟಗಳು ಗುಂಪು ಮತ್ತು ಜ್ಯಾಮಿತಿಗಳ ಇದೇ ಸಂಬಂಧವನ್ನು ವಿಶಾಲ ವಿದ್ವತ್ ಸಮುದಾಯದ ಮುಂದಿಟ್ಟವು. ಲೇಖನಗಳ ಸಂಖ್ಯೆಯಿಂದ ಸಂಶೋಧಕನನ್ನು ತೂಗುವ ರೂಢಿಗೆ ಈ ವೃತ್ತಿಜೀವನ ಪ್ರತ್ಯುತ್ತರದಂತಿದೆ. ಚಿಕ್ಕದೆಂದು ತೋರುವ ಪ್ರಶ್ನೆಯನ್ನು ಕೊನೆಯವರೆಗೂ ಕೈಬಿಡದೆ ಹಿಡಿದಾಗ ಅದು ತನ್ನ ಕ್ಷೇತ್ರದ ಆಚೆಗೂ ಬೆಳಕು ಚೆಲ್ಲಬಲ್ಲದು.