ನಷ್ಟ ಅಂತ ಬರೆದದ್ದು ಯಾರು?

2013ರ ಆಗಸ್ಟ್ 28ರಂದು ಡಾಲರಿಗೆ 68 ರೂಪಾಯಿ ದಾಟಿತಲ್ಲ, ಆ ಸಂಜೆ ನಾನು ಎಂದಿನ ಹಾಗೆ ಬೆಂಗಳೂರಿಂದ ಬಂಗಾರಪೇಟೆಗೆ ಹೋಗೋ ರೈಲಿನಲ್ಲಿ ನಿಂತಿದ್ದೆ. ವೈಟ್‌ಫೀಲ್ಡ್ ದಾಟೋವರೆಗೂ ಕೂರೋಕೆ ಜಾಗ ಸಿಗೋದಿಲ್ಲ. ಹಾಗಾಗಿ ನಮ್ಮ ಬೋಗಿಯಲ್ಲಿ ದೇಶದ ಅರ್ಥಶಾಸ್ತ್ರವೆಲ್ಲ ನಿಂತುಕೊಂಡೇ ಇತ್ಯರ್ಥವಾಗುತ್ತೆ.

ಅವತ್ತು ಮೂರು ತೀರ್ಪು ಬಂದವು. ಮೊದಲನೆಯವರು, “ನಮ್ಮ ಹೆಂಗಸ್ರು ಒಂದು ವರ್ಷ ಚಿನ್ನ ಕೊಳ್ಳದೆ ಇದ್ರೆ ಸಾಕು, ರೂಪಾಯಿ ತಾನಾಗೇ ಸರಿಹೋಗುತ್ತೆ” ಅಂದರು. ರಾಬರ್ಟ್‌ಸನ್‌ಪೇಟೆಗೆ ಹೋಗೋ ಒಬ್ಬರು, “ನಮ್ಮ ಮೈನ್ಸ್ ಮುಚ್ಚದೆ ಇದ್ದಿದ್ರೆ ಹೊರಗಿಂದ ಚಿನ್ನ ತರೋ ಗತಿ ಯಾಕೆ ಬರ್ತಿತ್ತು?” ಅಂದರು. ಬಾಗಿಲ ಹತ್ತಿರ ನಿಂತಿದ್ದ ಹುಡುಗ ಇಬ್ಬರನ್ನೂ ತಳ್ಳಿಹಾಕಿದ: “ನಷ್ಟದ ಕಂಪ್ನೀನ ಸರ್ಕಾರ ಎಷ್ಟು ದಿನ ಸಾಕುತ್ತೆ ಸಾರ್? ಅದೂ ನಮ್ಮ ಟ್ಯಾಕ್ಸ್ ದುಡ್ಡೇ ತಾನೆ?”

ಈ ಮೂರು ಮಾತೂ ಟೀವಿಯಲ್ಲಿ, ಪೇಪರಿನಲ್ಲಿ, ದೆಹಲಿಯಲ್ಲಿ ಕೇಳಿಬರುವಂಥವೇ. ಅದಕ್ಕೇ ಒಂದೊಂದನ್ನೂ ತೂಗಿ ನೋಡಬೇಕು ಅನ್ನಿಸಿತು.

ಮೊದಲು ಹೆಂಗಸರ ಮೇಲಿನ ದೂರು. ಚಿನ್ನ ಕೊಳ್ಳಬೇಡಿ ಅಂತ ಆಗ ಹಣಕಾಸು ಸಚಿವರಾಗಿದ್ದ ಚಿದಂಬರಂ ಅವರೇ 2013ರಲ್ಲಿ ಮತ್ತೆ ಮತ್ತೆ ಕೇಳಿಕೊಂಡರು. ಆಮದು ಸುಂಕ ಜನವರಿಯಲ್ಲಿ ಶೇ. 6, ಜೂನ್‌ನಲ್ಲಿ 8, ಆಗಸ್ಟ್‌ನಲ್ಲಿ 10 ಆಯಿತು. ಅವರ ಆತಂಕ ಸುಳ್ಳಲ್ಲ. 2012-13ರಲ್ಲಿ ನಾವು ಚಿನ್ನಕ್ಕಾಗಿ ಹೊರಗೆ ಕೊಟ್ಟದ್ದು 5,000 ಕೋಟಿ ಡಾಲರ್‌ಗೂ ಹೆಚ್ಚು. ಆದರೆ ಈ ಚಿನ್ನವನ್ನು ಬರೀ ಹುಚ್ಚು ಅನ್ನೋದು ಸರಿಯಲ್ಲ. 1991ರಲ್ಲಿ ನನ್ನ ಕಾಲೇಜಿನ ಫೀಸಿಗೆ ನಮ್ಮಮ್ಮನ ಎರಡು ಬಳೆ ಗಿರವಿ ಅಂಗಡಿ ಸೇರಿದವು. ಅದೇ ವರ್ಷ ಭಾರತ ಸರ್ಕಾರವೂ ಅದನ್ನೇ ಮಾಡಿತು. ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ, ಜುಲೈನಲ್ಲಿ ಸುಮಾರು 47 ಟನ್ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಯಿತು. ಸರ್ಕಾರ ಇಟ್ಟರೆ ಮೀಸಲು ನಿಧಿ, ನಮ್ಮಮ್ಮ ಇಟ್ಟರೆ ಆಸೆಬುರುಕತನವೇ?

ಎರಡನೆಯದು ನನ್ನ ನೆಂಟರಿಷ್ಟರೆಲ್ಲ ಹೇಳೋ ಮಾತು. ಬೇಜಾರು ಮಾಡಿಕೊಳ್ಳಬೇಡಿ, ಇದು ಲೆಕ್ಕಕ್ಕೆ ನಿಲ್ಲೋದಿಲ್ಲ. ಕೆಜಿಎಫ್ ಗಣಿಗಳು ಸುಮಾರು 120 ವರ್ಷದಲ್ಲಿ ಕೊಟ್ಟ ಚಿನ್ನ ಅಜಮಾಸು 800 ಟನ್. ಈಗ ದೇಶ ಒಂದೇ ವರ್ಷಕ್ಕೆ ತರಿಸಿಕೊಳ್ಳೋದೂ ಹೆಚ್ಚುಕಡಿಮೆ ಅಷ್ಟೇ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ, ಮೂವತ್ತು ಸಾವಿರ ಜನ ದುಡಿಯುತ್ತಿದ್ದಾಗಲೂ ಒಂದು ವರ್ಷಕ್ಕೆ 20 ಟನ್ ಮುಟ್ಟಿರಲಿಲ್ಲ. ನಾಳೆ ಬೆಳಿಗ್ಗೆಯೇ ಚಾಂಪಿಯನ್ ರೀಫ್ ತೆರೆದರೂ ರೂಪಾಯಿ ಒಂದು ಪೈಸೆ ಏರೋದಿಲ್ಲ. ಪ್ರತಿ ಚುನಾವಣೆಯಲ್ಲೂ “ಗಣಿ ಮತ್ತೆ ತೆರೀತೀವಿ” ಅನ್ನೋರು ಈ ಲೆಕ್ಕ ಹೇಳೋದಿಲ್ಲ, ಹೇಳಿದರೆ ಚಪ್ಪಾಳೆ ಬೀಳೋದಿಲ್ಲ.

ಇನ್ನು ಆ ಹುಡುಗನ ಮಾತು. ಮೂರರಲ್ಲಿ ಇದೇ ಗಟ್ಟಿ, ಇದೇ ಹೆಚ್ಚು ದಾರಿ ತಪ್ಪಿಸೋದೂ. ನಷ್ಟ ಅಂದರೆ ಏನು? ಖರ್ಚಿನಲ್ಲಿ ಬೆಲೆ ಕಳೆದರೆ ಉಳಿಯೋದು. ಖರ್ಚೆಲ್ಲ ಭೂಮಿಯ ಕೆಳಗೆ ಆಗುತ್ತಿತ್ತು, ಸರಿ. ಬೆಲೆ ಎಲ್ಲಿ ಗೊತ್ತಾಗುತ್ತಿತ್ತು?

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಅರವತ್ತರ ದಶಕದಲ್ಲಿ ಇಲ್ಲಿನ ಚಿನ್ನ ಬಜಾರಿಗೆ ಬರುತ್ತಿರಲಿಲ್ಲ, ಕೇಂದ್ರ ಸರ್ಕಾರವೇ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ದರಕ್ಕೆ ತೆಗೆದುಕೊಳ್ಳುತ್ತಿತ್ತು. ಆ ದರ ಔನ್ಸಿಗೆ 35 ಡಾಲರ್. ಅಮೆರಿಕ 1934ರಲ್ಲಿ ತನ್ನ ಅನುಕೂಲಕ್ಕೆ ಗೊತ್ತುಮಾಡಿಕೊಂಡದ್ದು. 1966ರ ಅಪಮೌಲ್ಯದ ನಂತರ ಅದು 10 ಗ್ರಾಂಗೆ ಸುಮಾರು 84 ರೂಪಾಯಿ. ಆ ದಶಕದ ಕೊನೆಗೆ ನಮ್ಮದೇ ಬಜಾರಿನಲ್ಲಿ ಬೆಲೆ ಅದರ ದುಪ್ಪಟ್ಟಿನ ಆಸುಪಾಸು. ಅಂದರೆ ಆಳಕ್ಕಿಳಿದು ಬಂಡೆ ಕೊರೆದವನ ಚಿನ್ನಕ್ಕೆ ವಾಷಿಂಗ್ಟನ್ನಿನ ಹಳೇ ದರ, ಅಂಗಡಿಗೆ ಹೋಗಿ ತಾಳಿ ಮಾಡಿಸೋವಾಗ ಬಜಾರ್ ದರ. ನಡುವಿನ ವ್ಯತ್ಯಾಸವನ್ನು ಗಣಿಯ ಖಾತೆಯಲ್ಲಿ ‘ನಷ್ಟ’ ಅಂತ ಬರೆದರು. 1971ರಲ್ಲಿ ಅಮೆರಿಕವೇ ಆ ದರವನ್ನು ಕೈಬಿಟ್ಟಿತು. ಆ ಹೊತ್ತಿಗೆ ಕೆಜಿಎಫ್‌ಗೆ ‘ನಷ್ಟದ ಗಣಿ’ ಅನ್ನೋ ಹೆಸರು ಅಂಟಿಯಾಗಿತ್ತು. 2009ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಅದೇ ಹಣಕಾಸು ನಿಧಿಯಿಂದ 200 ಟನ್ ಚಿನ್ನ ಕೊಂಡಿತು. ಈ ಸಲ ಕೊಟ್ಟದ್ದು ಔನ್ಸಿಗೆ ಸಾವಿರ ಡಾಲರ್‌ಗೂ ಮೇಲೆ.

ಹಾಗಂತ ಗಣಿ ಸದಾ ಲಾಭದಲ್ಲಿತ್ತು, ಮೋಸ ಮಾಡಿ ಮುಚ್ಚಿದರು ಅಂತ ನಾನು ಹೇಳ್ತಿಲ್ಲ. ಶುರುವಿನಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು, ಕೊನೆಗೆ ಮೂರ್ನಾಲ್ಕು ಗ್ರಾಂ ಸಿಗೋದೇ ಕಷ್ಟವಾಯಿತು. ಶಾಫ್ಟುಗಳು ಮೂರು ಕಿಲೋಮೀಟರಿಗೂ ಆಳ ಹೋಗಿದ್ದವು, ಅಲ್ಲಿ ಬಂಡೆ ಕಾದಿರುತ್ತಿತ್ತು, ಯಾವಾಗ ಸಿಡಿಯುತ್ತದೋ ಹೇಳೋ ಹಾಗಿರಲಿಲ್ಲ. ಅಂಥ ಕಡೆಗೆ ಇನ್ನೊಬ್ಬರ ಮಗನನ್ನು ಇಳಿಸಿ ಅನ್ನೋ ಹಕ್ಕು ರೈಲಿನಲ್ಲಿ ಮಾತಾಡೋ ನನಗಿಲ್ಲ. ಆಳದ ಗಣಿಗಾರಿಕೆ ಒಂದು ದಿನ ನಿಲ್ಲಲೇಬೇಕಿತ್ತು.

ನನ್ನ ತಕರಾರು ನಿಲ್ಲಿಸಿದ ರೀತಿಯ ಬಗ್ಗೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಸರ್ಕಾರದ ಖರ್ಚಿನ ಪಟ್ಟಿಯಲ್ಲಿ ಸಂಬಳ ಇತ್ತು, ಪಂಪಿನ ಕರೆಂಟು ಇತ್ತು. ಆ ಖರ್ಚು ಉಳಿಯಿತು, ಗಣಿಯಲ್ಲಿ ನೀರು ತುಂಬಿತು. ಆದರೆ ಊರು ಮುಚ್ಚಲಿಲ್ಲವಲ್ಲ! ಮೂರು ಕೋಟಿ ಟನ್ನಿಗೂ ಮೇಲಿನ ಸೈನೈಡ್ ದಿಬ್ಬಗಳು ಮನೆಗಳ ಪಕ್ಕದಲ್ಲೇ ಇವೆ. ಗಾಳಿ ಬೀಸೋ ತಿಂಗಳಲ್ಲಿ ಬಿಳೀ ದೂಳು ಅನ್ನದ ತಟ್ಟೆಗೂ ಬರುತ್ತೆ. ಕಲ್ಲಿನ ಪುಡಿ ಕುಡಿದ ಶ್ವಾಸಕೋಶಗಳು ಇನ್ನೂ ಕೆಮ್ಮುತ್ತಿವೆ. ಇವೆಲ್ಲ ಗಣಿಯ ಖರ್ಚುಗಳೇ. ಸರ್ಕಾರ ಇವನ್ನು ತನ್ನ ಪುಸ್ತಕದಿಂದ ತೆಗೆದು ಮನೆಮನೆಯ ಪುಸ್ತಕಕ್ಕೆ ಬರೆಯಿತು, ಅಷ್ಟೇ. ಅದನ್ನೇ ನಾವು ಉಳಿತಾಯ ಅಂತ ಕರೀತಾ ಇದ್ದೀವಿ.

2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಟ್ಟಿತು. ಆಂಡರ್‌ಸನ್‌ಪೇಟೆಯಲ್ಲಿ ಆವತ್ತು ಸಿಹಿ ಹಂಚಿದವರೂ ಇದ್ದಾರೆ. ಬರೋ ಕಂಪನಿ ದಿಬ್ಬದಲ್ಲಿ ಉಳಿದ ಚಿನ್ನಕ್ಕೆ ಬೆಲೆ ಕಟ್ಟುತ್ತೆ, ಅದರ ಕೆಲಸವೇ ಅದು. ದೂಳಿಗೆ, ಕೆಮ್ಮಿಗೆ, ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಬೆಲೆ ಕಟ್ಟಬೇಕಾದದ್ದು ಸರ್ಕಾರ. ಟೆಂಡರಿನ ಕಾಗದದಲ್ಲಿ ಇವು ಮೊದಲನೇ ಪುಟದಲ್ಲೇ ಇರಬೇಕು. ಇಲ್ಲದಿದ್ದರೆ 35 ಡಾಲರಿನ ಕತೆ ಬೇರೆ ಅಂಕಿಯಲ್ಲಿ ಮತ್ತೆ ನಡೆಯುತ್ತೆ.

ಇಷ್ಟನ್ನೂ ರೈಲಿನಲ್ಲಿ ಹೇಳೋಕೆ ಆಗಲಿಲ್ಲ, ಅರ್ಧ ಹೇಳಿದೆ. ಹುಡುಗ ಸುಮ್ಮನೆ ಕೇಳಿಸಿಕೊಂಡ. ಬಂಗಾರಪೇಟೆಯಲ್ಲಿ ನಾನು ಇಳಿಯೋವಾಗ ಕೇಳಿದೆ, “ನೀನೂ ಇಲ್ಲೇ ಇಳೀತೀಯೇನಪ್ಪಾ?” “ಇಲ್ಲ ಸಾರ್, ಮಾರಿಕುಪ್ಪಂ,” ಅಂದ. “ತಾತ ಚಾಂಪಿಯನ್ ರೀಫಲ್ಲಿದ್ರು. ನಾನು ವೈಟ್‌ಫೀಲ್ಡಲ್ಲಿ ಸೆಕ್ಯುರಿಟಿ.” ಆಗ ಒಂಬತ್ತು ದಾಟಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಮಾತ್ರ ಅವನಿಗೆ ರೈಲು ಸಿಗೋದು.