ಪಟ್ಟಿಗೆ ಸೇರಿತು, ಬಾಗಿಲು ಹಾಕಿತು

ಹಳೆಯ ಅಂಗಡಿಯನ್ನು ಉಳಿಸಬೇಕೆಂದರೆ ಕಟ್ಟಡ ಉಳಿಸಿದರೆ ಸಾಕು ಎಂಬ ನಂಬಿಕೆ ಪರಂಪರೆಯ ಅಭಿಮಾನಿಗಳಲ್ಲಿ ಗಟ್ಟಿಯಾಗಿದೆ. ಅಮೆರಿಕದ ನಾರ್ತ್ ಕೆರೊಲಿನಾದ ಗುಡ್ಡಗಾಡಿನಲ್ಲಿ, ವ್ಯಾಲಿ ಕ್ರೂಸಿಸ್ ಎಂಬ ಹಳ್ಳಿಯಲ್ಲಿರುವ ಮಾಸ್ಟ್ ಜನರಲ್ ಸ್ಟೋರಿನ ಚರಿತ್ರೆ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. 1883ರಲ್ಲಿ ಹೆನ್ರಿ ಟೇಲರ್ ಶುರುಮಾಡಿದ ಅಂಗಡಿ ಇದು. 1897ರಲ್ಲಿ ಡಬ್ಲ್ಯು. ಡಬ್ಲ್ಯು. ಮಾಸ್ಟ್ ಅರ್ಧ ಪಾಲು ಕೊಂಡರು, 1913ರಲ್ಲಿ ಉಳಿದರ್ಧವೂ ಅವರದಾಯಿತು. ತೊಟ್ಟಿಲಿನಿಂದ ಶವಪೆಟ್ಟಿಗೆಯವರೆಗೆ ಏನು ಬೇಕಾದರೂ ಸಿಗುತ್ತದೆ ಎಂಬುದು ಅದರ ಖ್ಯಾತಿ. ಕಣಿವೆಯ ರೈತರ ಕೈಯಲ್ಲಿ ರೊಕ್ಕ ಓಡಾಡುತ್ತಿದ್ದುದು ಕಡಿಮೆ. ಗಿಡಮೂಲಿಕೆಯನ್ನೋ ಕೋಳಿಯನ್ನೋ ಕೊಟ್ಟು ಸಾಮಾನು ಒಯ್ಯುತ್ತಿದ್ದರು. ಅಂಗಡಿಯ ಮರದ ನೆಲದಲ್ಲಿ ಇಂದಿಗೂ ಒಂದು ಪುಟ್ಟ ಮುಚ್ಚಳದ ಕಿಂಡಿಯಿದೆ. ದುಡ್ಡಿನ ಬದಲು ಬಂದ ಕೋಳಿಯನ್ನು ಆ ಕಿಂಡಿಯಿಂದಲೇ ಕೆಳಗಿನ ಗೂಡಿಗೆ ಇಳಿಸುತ್ತಿದ್ದರು. ಆ ಕಾಲದ ಲೇವಾದೇವಿ ಹೇಗಿತ್ತೆಂದು ಇಡೀ ಕಟ್ಟಡದಲ್ಲಿ ಇಷ್ಟು ಸ್ಪಷ್ಟವಾಗಿ ಹೇಳುವ ಗುರುತು ಇನ್ನೊಂದಿಲ್ಲ. ಮುಂಭಾಗದ ಅಂದಕ್ಕಿಂತ ಅದೇ ನನಗೆ ಅಮೂಲ್ಯ.

1973ರಲ್ಲಿ ಈ ಕಟ್ಟಡ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ನಾಲ್ಕೇ ವರ್ಷಕ್ಕೆ, 1977ರಲ್ಲಿ, ಅಂಗಡಿ ಬಾಗಿಲು ಹಾಕಿತು. ಪಟ್ಟಿಯಿಂದ ಗೌರವ ಸಿಕ್ಕೀತು, ಗಿರಾಕಿ ಸಿಗುವುದಿಲ್ಲ. ಜಾನ್ ಮತ್ತು ಫೇ ಕೂಪರ್ ದಂಪತಿ ಅದನ್ನು ಕೊಂಡು 1980ರಲ್ಲಿ ಮತ್ತೆ ವ್ಯಾಪಾರಕ್ಕೆ ತೆರೆದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಬರೀ ವಯಸ್ಸೂ ಕಾಪಾಡುವುದಿಲ್ಲ: ರೋಡ್ ಐಲೆಂಡಿನಲ್ಲಿ 1788ರಿಂದ ನಡೆದುಬಂದಿದ್ದ ಗ್ರೇಸ್ ಸ್ಟೋರ್ 2012ರಲ್ಲಿ ಮುಚ್ಚಿತು.

ಈಗ ಮಾಸ್ಟ್ ಅಂಗಡಿಗೆ ಬರುವವರು ಬಹುಪಾಲು ಪ್ರವಾಸಿಗರು, ಪೀಪಾಯಿಯಲ್ಲಿ ತುಂಬಿಟ್ಟ ಮಿಠಾಯಿಯೂ ಚಾರಣದ ಬೂಟೂ ಮಾರುವ ಜಾಗ ಹಳ್ಳಿ ಅಂಗಡಿ ಹೇಗಾದೀತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆ ಹೆಸರಿನ ಮಳಿಗೆಗಳು ಈಗ ಬೇರೆ ಊರುಗಳಲ್ಲೂ ಇವೆ; ಅವುಗಳನ್ನು ಹೆಗ್ಗುರುತು ಎಂದು ಕರೆಯಲು ನಾನೂ ಒಪ್ಪುವುದಿಲ್ಲ. ಆದರೆ ವ್ಯಾಲಿ ಕ್ರೂಸಿಸ್‌ನ ಮೂಲ ಅಂಗಡಿಯ ಮಾತು ಬೇರೆ. ಊರಿನ ಅಂಚೆ ಕಚೇರಿ ಅದೇ ಸೂರಿನಡಿ ಇದೆ; ಕಾಗದ ಪತ್ರಕ್ಕೆ ಬರುವ ಊರವರು ಪ್ರವಾಸಿಗರಲ್ಲ. ಇನ್ನು ಸರಕಿನ ವಿಷಯ. ಹಳ್ಳಿ ಅಂಗಡಿ ಯಾವ ಕಾಲಕ್ಕೂ ಸ್ಥಳೀಯ ವಸ್ತುಗಳ ಸಂಗ್ರಹಾಲಯ ಆಗಿರಲಿಲ್ಲ. ದೂರದ ಗಿರಣಿಯ ಬಟ್ಟೆ, ಕಾರ್ಖಾನೆಯ ಮೊಳೆ, ಸೀಸೆಯ ಔಷಧಿ ಇವನ್ನೆಲ್ಲ ಕಣಿವೆಗೆ ತಂದು, ಕಣಿವೆಯ ಬೆಳೆಯನ್ನು ಹೊರಗೆ ಕಳಿಸುವುದೇ ಅದರ ಕಸುಬು. ಹೊರಗಿನ ಸರಕು ಮಾರುತ್ತದೆಂದು ಇಂದಿನ ಅಂಗಡಿಯನ್ನು ನಕಲಿ ಎನ್ನುವುದಾದರೆ ಟೇಲರ್ ಕಾಲದ ಅಂಗಡಿಗೂ ಅದೇ ಮಾತು ಹೇಳಬೇಕಾಗುತ್ತದೆ.